ಹಿಮ ಅಗೆಯುವ ನಾಡು

ಹಿಮವೆಂದರೆ ಹತ್ತಿಯಂತೆ ಹಗುರ ಎಂದು ನಾವು ಚಿತ್ರಗಳನ್ನು ನೋಡಿ ನಂಬಿದವರು. ಮಾಡಿನ ಮೇಲೆ ಬಿದ್ದ ನೀರು ಸೂರಿನಿಂದ ಇಳಿದು ಹೋಗುವುದನ್ನೇ ಕಂಡ ನಮಗೆ, ಬಿದ್ದದ್ದು ಅಲ್ಲೇ ಕುಳಿತರೆ ಏನಾದೀತು ಎಂಬ ಯೋಚನೆ ಬರುವುದಿಲ್ಲ. ಜಪಾನಿನ ಎಚಿಗೊ ಸೀಮೆಯವರಿಗೆ, ಅಂದರೆ ಇಂದಿನ ನೀಗಾತ ಪ್ರಾಂತದವರಿಗೆ, ಚಳಿಗಾಲವಿಡೀ ಅದೊಂದೇ ಯೋಚನೆ.

ಅದನ್ನು ವಿವರವಾಗಿ ಬರೆದಿಟ್ಟವನು ಶಿಯೊಜಾವ ಊರಿನ ಸುಜುಕಿ ಬೊಕುಶಿ (1770–1842). ಚಿಜಿಮಿ ಎಂಬ ನಾರುಬಟ್ಟೆಯ ವ್ಯಾಪಾರ, ಜೊತೆಗೆ ಗಿರವಿ ಅಂಗಡಿ. ಹತ್ತೊಂಬತ್ತರ ಹರೆಯದಲ್ಲಿ ಬಟ್ಟೆ ಮಾರಲು ಎಡೊ ನಗರಕ್ಕೆ, ಈಗಿನ ಟೋಕಿಯೊಗೆ, ಹೋದವನಿಗೆ ಅಲ್ಲಿಯವರು ತನ್ನೂರಿನ ಹಿಮದ ಬಗ್ಗೆ ಏನೂ ತಿಳಿಯದವರೆಂದು ಕಂಡು ಆಶ್ಚರ್ಯವಾಯಿತು. ಅದನ್ನು ತಿಳಿಸಿಕೊಡುವ ಪುಸ್ತಕ ಬರೆಯಬೇಕೆಂಬ ಹಂಬಲ ಹುಟ್ಟಿತು. ಹೆಸರಾಂತ ಲೇಖಕರ ನೆರವು ಕೋರಿ, ಕಾದು, ನಿರಾಶನಾಗಿ, ಮತ್ತೆ ಕಾದು, ಕೊನೆಗೆ 'ಹೊಕುಎತ್ಸು ಸೆಪ್ಪು' ಅಚ್ಚಾದದ್ದು 1837ರಲ್ಲಿ. ಅಷ್ಟು ಹೊತ್ತಿಗೆ ಅವನು ಮುದುಕ.

ನಮ್ಮಲ್ಲಿ ಹಿಮವನ್ನು ಗುಡಿಸುವುದಿಲ್ಲ, ಅಗೆಯುತ್ತೇವೆ ಎನ್ನುತ್ತಾನೆ ಬೊಕುಶಿ. ಮಣ್ಣು ಅಗೆದಂತೆಯೇ ಅದು. ಅಗೆಯದಿದ್ದರೆ ಬಾಗಿಲು ಮುಚ್ಚಿಹೋಗುತ್ತದೆ, ಎಷ್ಟೇ ಗಟ್ಟಿಯಾದ ಮನೆಯಾದರೂ ಭಾರಕ್ಕೆ ಕುಸಿಯುತ್ತದೆ. ಅದಕ್ಕೆ ಬೀಚ್ ಮರದ ಅಗಲವಾದ ಸಲಿಕೆ ಬೇಕು, ಏಕೆಂದರೆ ಆ ಮರ ಬೇಗ ಮುರಿಯುವುದಿಲ್ಲ. ದೊಡ್ಡ ಮನೆಯವರು ಹತ್ತಾರು ಆಳುಗಳನ್ನು ಕರೆಸಿ ಒಂದೇ ಪಟ್ಟಿಗೆ ಅಗೆಸುತ್ತಾರೆ, ನಿಧಾನಿಸಿದರೆ ಅಗೆಯುತ್ತಿರುವಾಗಲೇ ಮತ್ತೆ ತುಂಬುತ್ತದೆ. ಬಡವರ ಮನೆಯಲ್ಲಿ ಕೂಲಿಗೆ ದುಡ್ಡಿಲ್ಲ, ಗಂಡು ಹೆಣ್ಣೆನ್ನದೆ ಎಲ್ಲರೂ ಇಳಿಯಬೇಕು. ದಿನವಿಡೀ ಅಗೆದ ಜಾಗ ಬೆಳಗಾಗುವುದರೊಳಗೆ ಮೊದಲಿನಂತೆ. ಆಗ ಯಜಮಾನನೂ ಆಳೂ ಒಟ್ಟಿಗೆ ತಲೆತಗ್ಗಿಸಿ ನಿಟ್ಟುಸಿರಿಡುತ್ತಾರಂತೆ. ಒಂದನೆಯ ಅಗೆತ, ಎರಡನೆಯ ಅಗೆತ ಎಂದು ಲೆಕ್ಕವಿಡುವುದು ಅಲ್ಲಿಯ ರೂಢಿ. ಗಿರವಿ ಅಂಗಡಿಯವನಾದ್ದರಿಂದಲೋ ಏನೋ, ಎಷ್ಟು ಶಕ್ತಿ, ಎಷ್ಟು ಕಾಸು ಹೀಗೆ ಕರಗುತ್ತದೆಂಬುದರ ಮೇಲೆ ಅವನಿಗೆ ಸದಾ ಕಣ್ಣು. ನನಗೆ ಆ ಪುಸ್ತಕದಲ್ಲಿ ಹಿಡಿಸುವುದೂ ಅದೇ.

ಲೆಕ್ಕವನ್ನು ನಾವೂ ಹಾಕಬಹುದು. ಹೊಸ ಹಿಮ ಹಗುರವೇ. ಆದರೆ ಕೂತು ಒತ್ತಿಕೊಂಡ ಮೇಲೆ ಒಂದು ಘನ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ನೂರು ಚದರ ಮೀಟರಿನ ಮಾಡಿನ ಮೇಲೆ ಒಂದು ಮೀಟರ್ ಹಿಮವೆಂದರೆ 30 ಟನ್. ಚಳಿಗಾಲದ ಕೊನೆಗೆ ಮಳೆ ಬಂದರೆ ಹಿಮ ಅದನ್ನೂ ಹೀರಿಕೊಂಡು ಇನ್ನೂ ಭಾರವಾಗುತ್ತದೆ. 1938ರ ಹೊಸವರ್ಷದ ದಿನ, ಅದೇ ನೀಗಾತದ ತೋಕಾಮಾಚಿಯಲ್ಲಿ ಹಬ್ಬದ ಜನ ತುಂಬಿದ್ದ ಸಿನಿಮಾ ಮಂದಿರದ ಮಾಡು ಹಿಮದ ಭಾರಕ್ಕೆ ಕುಸಿದು 69 ಮಂದಿ ಸತ್ತರು. ಬೊಕುಶಿಯ ಪುಸ್ತಕ ಬಂದು ಆಗ ನೂರು ವರ್ಷ ಕಳೆದಿತ್ತು.

ಮನೆ ಉಳಿಯಬೇಕಾದರೆ ಯಾರಾದರೂ ಮೇಲೆ ಹತ್ತಲೇಬೇಕು. ಯಾರು ಹತ್ತುವುದು? ಯುದ್ಧದ ಕೊನೆಯ ಚಳಿಗಾಲದಲ್ಲಿ, 1945ರ ಫೆಬ್ರವರಿಯಲ್ಲಿ, ತಕಾದ ಪಟ್ಟಣದಲ್ಲಿ 377 ಸೆಂಟಿಮೀಟರ್ ಹಿಮ ನಿಂತಿತ್ತು. ಗಟ್ಟಿ ಆಳುಗಳೆಲ್ಲ ಎಲ್ಲಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧ ಮುಗಿದ ಮೇಲೂ ಹಿಮದ ನಾಡಿನ ಗಂಡಸರು ಚಳಿಗಾಲಕ್ಕೆ ಕೂಲಿ ಅರಸಿ ನಗರಗಳಿಗೆ ಹೋದರು, ಎಷ್ಟೋ ಮಂದಿ ಅಲ್ಲೇ ನೆಲೆಸಿದರು. ಹಿಮವನ್ನು ತುಂಬಿ ತಳ್ಳಿಕೊಂಡು ಹೋಗುವ ಹಿಡಿಕೆಯ ದೊಡ್ಡ ಮೊರದಂಥ ಸಾಧನವೊಂದು ಅಲ್ಲಿ ಮನೆಮನೆಗೂ ಬಂತು. ಅದಕ್ಕೆ 'ಮಾಮಾಸಾನ್ ಡಂಪ್' ಎಂದು ಹೆಸರು. ಅಮ್ಮಂದಿರೂ ತಳ್ಳಬಲ್ಲರು ಎಂಬ ಅರ್ಥವಂತೆ. ಆ ಹೆಸರಿನಲ್ಲಿ ಊರಿನ ಅರ್ಧ ಚರಿತ್ರೆ ಇದೆ.

1962ರಲ್ಲಿ ಜಪಾನ್ ಸರ್ಕಾರ ಭಾರಿ ಹಿಮದ ಪ್ರದೇಶಗಳಿಗೆಂದೇ ಕಾನೂನು ಮಾಡಿತು. ಮರುವರ್ಷ ಜನವರಿಯಲ್ಲಿ ಸುರಿದ ಹಿಮಕ್ಕೆ ಸತ್ತವರೂ ಕಾಣೆಯಾದವರೂ ಸೇರಿ 231. ಮುಂದೆ ಹಿಮ ತಾನೇ ಜಾರುವ ಮಾಡುಗಳು, ಕಾಯಿಸಿ ಕರಗಿಸುವ ಮಾಡುಗಳು ಬಂದವು; ಹಣವಿದ್ದವರು ಕಟ್ಟಿಸಿದರು. ಹಳೆಯ ಮನೆಗಳಲ್ಲಿ ಏಣಿ, ಸಲಿಕೆಗಳೇ ಉಳಿದವು. 2005–06ರ ಚಳಿಗಾಲದಲ್ಲಿ ಸತ್ತವರು 150ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಸತ್ತದ್ದು ಹಿಮ ತೆಗೆಯುವ ಕೆಲಸದಲ್ಲಿ. ಮೂರರಲ್ಲಿ ಸುಮಾರು ಎರಡು ಪಾಲು ಮಂದಿ 65 ದಾಟಿದವರು. ಮಾಡಿನಿಂದ ಜಾರಿ ಬಿದ್ದವರುಂಟು, ಮೇಲಿಂದ ಜಾರಿದ ಹಿಮದಡಿ ಹೂತವರುಂಟು. ಬಿಸಿಲು ಬಂದ ದಿನ ಹಿಮ ಸಡಿಲವಾಗುವುದರಿಂದ ಅಪಾಯ ಹೆಚ್ಚು, ಆದರೆ ಮುದುಕರಿಗೆ ಹೊರಗೆ ಬರಲು ಧೈರ್ಯ ಬರುವುದೂ ಅಂಥ ದಿನವೇ. ಸೊಂಟಕ್ಕೆ ಹಗ್ಗ ಕಟ್ಟಿ ಹತ್ತಿ, ಒಬ್ಬರೇ ಹತ್ತಬೇಡಿ ಎಂದು ಅಧಿಕಾರಿಗಳು ಪ್ರತಿ ವರ್ಷ ಹೇಳುತ್ತಾರೆ. ಜೊತೆಗೆ ಹತ್ತಲು ಇನ್ನೊಬ್ಬರು ಮನೆಯಲ್ಲಿರಬೇಕಲ್ಲ!

ಈಗ ಒಬ್ಬರೂ ಇಲ್ಲದ ಮನೆಗಳೂ ಹೆಚ್ಚಿವೆ. ಮಕ್ಕಳು ಟೋಕಿಯೊದಲ್ಲಿ, ತಾಯಿತಂದೆ ತೀರಿಕೊಂಡಿದ್ದಾರೆ, ಅಗೆಯುವವರಿಲ್ಲದ ಮಾಡಿನ ಮೇಲೆ ಹಿಮ ಏರುತ್ತದೆ. ಪಕ್ಕದ ಮನೆಯಾತನಿಗೆ ತನ್ನ ಮಾಡಿನ ಚಿಂತೆಯ ಜೊತೆಗೆ ಅದರ ಚಿಂತೆಯೂ ಸೇರುತ್ತದೆ, ಕುಸಿದರೆ ಅದು ತನ್ನ ಗೋಡೆಯ ಮೇಲೇ ಬೀಳಬಹುದು. ಇಂಥ ಪಾಳುಮನೆಗಳಿಗಾಗಿ 2014ರಲ್ಲಿ ಇನ್ನೊಂದು ಕಾನೂನು ಬಂತು. ಆದರೂ ಹಿಮ ಸುರಿಯುವ ರಾತ್ರಿ ಆತ ಒಳಗೆ ಮಲಗಿ, ಪಕ್ಕದ ಮನೆಯ ತೊಲೆ ಕಿರುಗುಟ್ಟುವುದಕ್ಕೆ ಕಿವಿಗೊಡುತ್ತಾನೆ.