ಅಳಿಯನ ಸೈಲೆನ್ಸರ್, ತಾತನ ಹಲಗೆ



ಪೋಸ್ಟ್ ಉದ್ದ ಐತಿ, ಪುರುಸೊತ್ತು ಇದ್ದಾಗ ಓದಿ. ಹೋದ ವಾರ ಮಧ್ಯಾಹ್ನ ಲಿಂಗಸುಗೂರಿನ ಆಫೀಸಿನಲ್ಲಿ ಫೈಲು ಬಿಚ್ಚಿಕೊಂಡು ಕೂತಿದ್ದೆ. ಸಿಂಧನೂರಿನಿಂದ ಅಕ್ಕನ ಮಗನ ಫೋನ್ ಬಂತು. "ಮಾವ, ಸೈಲೆನ್ಸರ್ ಬದಲಿ ಮಾಡ್ಸೀನಿ, ಕೇಳ್ರಿ" ಅಂದವನೇ ಮೊಬೈಲನ್ನು ಗಾಡಿಯ ಹಿಂದೆ ಹಿಡಿದು ಎಕ್ಸಲೇಟರ್ ಕೊಟ್ಟ. ಪಕ್ಕದ ಟೇಬಲ್ಲಿನವರು "ಎಲ್ಲಿ ಕ್ರಷರ್ ನಡದೈತ್ರಿ?" ಅಂದರು. ನಗು ಬಂತು, ಸಿಟ್ಟೂ ಬಂತು. ಹುಡುಗ ಕಂತಿನ ಮೇಲೆ ಮೀಟಿಯರ್ 350 ತಗೊಂಡು ಎಂಟು ತಿಂಗಳಾಗಿಲ್ಲ. ಕಂಪನಿ ಕೊಟ್ಟ ಸೈಲೆನ್ಸರ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ನಮ್ಮಕ್ಕನ ಮಂಚದ ಕೆಳಗೆ ಇಟ್ಟಾನಂತೆ.

ಅಂಥ ಗಾಡಿಗೆ ಕ್ರೂಸರ್ ಬೈಕ್ ಅಂತಾರೆ. ನಮ್ಮ ಕಡೆ ಕ್ರೂಸರ್ ಅಂದ್ರೆ ನಾಟಿ ಹಚ್ಚೋಕೆ ಹೋಗೋ ಹೆಣ್ಮಕ್ಕಳನ್ನು ಬಾಗಿಲ ತನಕ ತುಂಬಿಕೊಂಡು ಹೋಗೋ ಗಾಡಿ. ನಮ್ಮಕ್ಕ ಅದರಲ್ಲೇ ಇಪ್ಪತ್ತು ವರ್ಷ ಓಡಾಡಿದಾಕಿ. ಮಗನ ಬೈಕಿಗೂ ಅದೇ ಹೆಸರು ಅಂದಾಗ "ಇದರಾಗ ಎಷ್ಟು ಮಂದಿ ಕೂಡ್ತಾರಲೇ?" ಅಂತ ಕೇಳಿದ್ದಳು.

ರಾತ್ರಿ ಹುಡುಗನಿಗೆ ಫೋನ್ ಮಾಡಿ ಬೈಯಬೇಕು ಅಂತ ಕೂತೆ. ಬೈಯೋಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದಕ್ಕೇ ಈ ಬರಹ.

ಮೊದಲು ಬುಲೆಟ್ಟಿನ ಕಥೆ ಹೇಳ್ತೀನಿ. ಬುಲೆಟ್ ಅನ್ನೋ ಹೆಸರು ಇಂಗ್ಲೆಂಡಿನಲ್ಲಿ 1932ರಿಂದ ಇದೆ. 1950ರ ದಶಕದಲ್ಲಿ ನಮ್ಮ ಸೈನ್ಯ ಗಡಿ ಕಾಯೋಕೆ ಈ ಗಾಡಿ ತರಿಸಿತು, 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಶುರುವಾಯಿತು. ಹುಟ್ಟಿದ ದೇಶದಲ್ಲಿ ಕಂಪನಿ ಬಾಗಿಲು ಹಾಕಿದರೂ ಇಲ್ಲಿ ಗಾಡಿ ಬದುಕಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯಜ್ಡಿ ಮಾಡಿತು. ಒಂದೇ ಸಿಲಿಂಡರಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಸೈಲೆನ್ಸರ್ ಇದ್ದ ಆ ಗಾಡಿಯ ಸದ್ದೇ ಬೇರೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. ನಾನು ಚಿಕ್ಕವನಿದ್ದಾಗ ನಮ್ಮ ಊರಿಗೆ (ಮಸ್ಕಿ ಹತ್ತಿರದ ಊರು, ಹೆಸರು ಬೇಡ) ಬುಲೆಟ್ ಬಂತು ಅಂದ್ರೆ ಒಂದೋ ಪೊಲೀಸ್ ಸಾಹೇಬರು, ಇಲ್ಲಾಂದ್ರೆ ಗೌಡರು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಯಾರ ಹೊಲಕ್ಕೆ ಹರಿಯಿತೋ ಅವರ ಮನೆ ಮುಂದೆ ಆ ಗಾಡಿ ನಿಂತಿತು. ಕಾಲುವೆಯ ಕೊನೆಯಲ್ಲಿದ್ದವರ ಮನೆ ಮುಂದೆ ನಿಲ್ಲಲಿಲ್ಲ. ಸದ್ದು ಕೇಳಿದ ಕೂಡಲೇ ಕೇರಿಯ ಕಟ್ಟೆ ಮೇಲೆ ಕೂತವರು ಎದ್ದು ನಿಲ್ತಿದ್ದರು. ಗಾಡಿ ಕಾಣೋದು ಆಮೇಲೆ. ನಮ್ಮ ಮಂದಿಯ ಮೊಣಕಾಲಿಗೆ ಕಿವಿ ಇತ್ತು ಅನ್ನಬೇಕು.

ಆ ಸದ್ದು ಎಲ್ಲಿಂದ ಬರ್ತದೆ? ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೆ ಐನೂರು ಸ್ಫೋಟ, ಅಂದ್ರೆ ಸೆಕೆಂಡಿಗೆ ಎಂಟು. ಹಳೇ ಬುಲೆಟ್ ಇನ್ನೂ ನಿಧಾನಕ್ಕೆ ನಡೀತಿತ್ತು, ಒಂದೊಂದು ಹೊಡೆತ ಎಣಿಸೋ ಹಂಗೆ. ಕಂಪನಿ ಸೈಲೆನ್ಸರಿನೊಳಗೆ ಸಣ್ಣ ಸಣ್ಣ ಕೋಣೆ, ತೂತಿನ ಕೊಳವೆ ಇರ್ತಾವೆ. ಸದ್ದಿನ ಅಲೆ ಒಂದಕ್ಕೊಂದು ಬಡಿದು ಅಲ್ಲೇ ಸಾಯ್ತದೆ. ಬದಲಿ ಸೈಲೆನ್ಸರಿನೊಳಗೆ ಆ ಕೋಣೆಗಳಿಲ್ಲ. ನೇರ ಜಾಳಿಗೆ ಕೊಳವೆ, ಸುತ್ತ ಗ್ಲಾಸ್‌ವೂಲ್, ಅಷ್ಟೇ. ಅಗ್ಗದ್ದರಲ್ಲಿ ಆ ವೂಲೂ ಸ್ವಲ್ಪ ದಿನಕ್ಕೆ ಸುಟ್ಟು ಹಾರಿಹೋಗ್ತದೆ. ಸಿಂಧನೂರಿನ ಮೆಕ್ಯಾನಿಕ್ಕಿನ ಹತ್ರ ಹೋಗಿ ಕೇಳಿದೆ. ಪಂಜಾಬ್, ಇಂದೋರ್, ಲಾಂಗ್ ಬಾಟಲ್, ಗೋಲ್ಡ್ ಸ್ಟಾರ್ ಅಂತ ದೇವರ ಹೆಸರು ಹೇಳಿದಂಗೆ ಹೇಳಿದ. ಬೆಂಡ್ ಪೈಪಿನ ನಟ್ಟು, ಹಿಂದಿನ ಬೋಲ್ಟು ಬಿಚ್ಚಿ ಹಳೇದು ತೆಗೆದು ಹೊಸದು ಕೂಡಿಸೋಕೆ ಅರ್ಧ ತಾಸೂ ಬೇಡ. "ಪಿಕಪ್ ಜಾಸ್ತಿ ಆಗ್ತದೇನು?" ಅಂದೆ. "ಸದ್ದಿಗೆ ಪಿಕಪ್ ಬಂದಂಗೆ ಅನಿಸ್ತದ್ರಿ ಸರ್" ಅಂತ ನಕ್ಕ. ಪ್ರಾಮಾಣಿಕ ಮನುಷ್ಯ. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದಮೇಲೆ ಗಾಡಿಗಳಿಗೆ ಹೊಗೆ ಅಳೆಯೋ ಸೆನ್ಸರ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರ್ತಾವೆ. ಅದನ್ನ ತೆಗೆದು ಬರೇ ಕೊಳವೆ ಹಾಕಿದರೆ ಸದ್ದಿನ ಜೊತೆ ವಿಷವೂ ಹೆಚ್ಚು.

ಈಗ ನಮ್ಮ ತಾತನ ವಿಷಯ. ಅವನ ಹಲಗೆ ನಮ್ಮ ಮನೆಯ ಗೋಡೆ ಮೇಲೆ ಇನ್ನೂ ಐತಿ. ಊರಿನ ಡಂಗುರ ಸಾರೋದು, ಹೆಣದ ಮುಂದೆ ಬಾರಿಸೋದು, ಜಾತ್ರೆಯಲ್ಲಿ ತೇರಿನ ಮುಂದೆ ಬಾರಿಸೋದು ಅವನ ಪಾಲಿನ ಬಿಟ್ಟಿ ಕೆಲಸ. ತೇರಿನ ಮುಂದೆ ಬಾರಿಸಬೇಕು, ತೇರಿನ ಹಗ್ಗ ಮುಟ್ಟಬಾರದು. ಊರವರು ಹೇಳಿದಾಗ ಸದ್ದು ಮಾಡಬೇಕು, ಹೇಳದಿದ್ದಾಗ ಸುಮ್ಮನಿರಬೇಕು. ಹೊಲೆಯರ ಛಲವಾದಿಯೂ ಹಂಗೇ, ಗಂಟೆಬಟ್ಟಲು ಬಾರಿಸುತ್ತಾ ಲಿಂಗಾಯತರ ಮೆರವಣಿಗೆಯ ಮುಂದೆ ನಡೆದವನು. ಈ ಪದ್ಧತಿ ಎಷ್ಟು ಹಳೇದು ಅಂದ್ರೆ, 5ನೇ ಶತಮಾನದ ಶುರುವಿನಲ್ಲಿ ಚೀನಾದಿಂದ ಬಂದ ಬೌದ್ಧ ಯಾತ್ರಿಕ ಫಾಹಿಯಾನ್ ಒಂದು ಮಾತು ಬರೆದಿಟ್ಟಿದ್ದಾನೆ. ಚಂಡಾಲರು ಊರ ಹೊರಗಿರ್ತಾರೆ, ಪಟ್ಟಣದೊಳಗೆ ಬರುವಾಗ ಕಟ್ಟಿಗೆ ಬಡಿದು ಸದ್ದು ಮಾಡ್ತಾರೆ, ಉಳಿದವರು ಅದನ್ನ ಕೇಳಿ ದೂರ ಸರೀತಾರೆ. ಯೋಚನೆ ಮಾಡ್ರಿ. ನಮ್ಮ ಮಂದಿಗೆ ಹಾರನ್ ಕಟ್ಟಿ ಒಂದೂವರೆ ಸಾವಿರ ವರ್ಷದ ಮೇಲಾತು.

ಅದೇ ಮಂದಿಗೆ ಬೇರೆ ಕಡೆ ಬಾಯಿ ಮುಚ್ಚಿಸಿದರು. ನಮ್ಮಪ್ಪ ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡಿದ್ದ. ಊರ ಮುಂದಿನ ಓಣಿ ಬಂದ ಕೂಡಲೇ ಇಳಿದು ತಳ್ಳಿಕೊಂಡು ಹೋಗಬೇಕು, ಬೆಲ್ ಬಾರಿಸಬಾರದು. ನಾನು ಹಿಂದಿನ ಕ್ಯಾರಿಯರ್ ಮೇಲೆ ಕೂತಿದ್ದರೆ ನನ್ನನ್ನೂ ಇಳಿಸ್ತಿದ್ದ. ಓಣಿ ದಾಟಿದ ಮೇಲೆ ಮತ್ತೆ ಹತ್ತಿ, ಯಾರೂ ಇಲ್ಲದ ಹೊಲದ ದಾರಿಯಲ್ಲಿ ಸುಮ್ಮನೆ ಬೆಲ್ ಹೊಡೀತಿದ್ದ. ಟ್ರಿಣ್ ಟ್ರಿಣ್ ಅಂತ, ಎದುರಿಗೆ ಒಂದು ಎಮ್ಮೆನೂ ಇರ್ತಿರಲಿಲ್ಲ. ಆಗ ನನಗೆ ಅದು ಆಟ ಅನಿಸ್ತಿತ್ತು.

ಗಾಡಿಗೂ ನಮಗೂ ಇರೋ ಇತಿಹಾಸ ಇದೇ. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯಂಕಾಳಿ ಎತ್ತಿನ ಬಂಡಿ ಕೊಂಡು, ಎತ್ತಿನ ಕೊರಳಿಗೆ ಗಂಟೆ ಕಟ್ಟಿ, ಪುಲಯರಿಗೆ ನಿಷೇಧ ಇದ್ದ ರಸ್ತೆಯಲ್ಲೇ ಹೊಡಕೊಂಡು ಹೋದರು. ಆ ಗಂಟೆಯ ಸದ್ದು ಅವರು ತಾವಾಗಿ ಮಾಡಿದ್ದು, ಯಾರೂ ಹೇಳಿ ಮಾಡಿಸಿದ್ದಲ್ಲ. ಬಾಬಾಸಾಹೇಬರು 1901ರಲ್ಲಿ ಇನ್ನೂ ಸಣ್ಣ ಹುಡುಗ. ಅಪ್ಪನನ್ನು ನೋಡೋಕೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಯಾವ ಬಂಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಆದ್ರೆ ಬಂಡಿ ಹೊಡೆಯೋದು ಹುಡುಗರೇ, ಅವನು ಪಕ್ಕದಲ್ಲಿ ನಡೀತಾನೆ. 1929ರಲ್ಲಿ ಅವರು ಬ್ಯಾರಿಸ್ಟರ್, ಸರ್ಕಾರದ ಸಮಿತಿಯ ಸದಸ್ಯ. ಆಗಲೂ ಚಾಳಿಸಗಾಂವದಲ್ಲಿ ಟಾಂಗಾದವರು ಅಸ್ಪೃಶ್ಯನನ್ನು ಕೂರಿಸಿಕೊಂಡು ಹೊಡೆಯೋಕೆ ಒಪ್ಪಲಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹೊಡೆದ, ಗಾಡಿ ಉರುಳಿತು, ಬಾಬಾಸಾಹೇಬರ ಕಾಲು ಮುರಿಯಿತು. ದೊಡ್ಡ ದೊಡ್ಡ ಭಾಷಣದಲ್ಲಿ ಈ ಮುರಿದ ಕಾಲನ್ನ ನಾವು ಮರೆತುಬಿಡ್ತೀವಿ.

ಹಳೇ ಕಾಲದ ಮಾತು ಅಂತೀರಾ? 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗೈ ಜಿಲ್ಲೆಯಲ್ಲಿ ಬುಲೆಟ್ ಮೇಲೆ ಮನೆಗೆ ಹೊರಟಿದ್ದ ದಲಿತ ಕಾಲೇಜು ಹುಡುಗನ ಕೈ ಕಡಿದರು. ನಮ್ಮ ಜಾತಿಯವರೆದುರು ನೀನು ಬುಲೆಟ್ ಹತ್ತೋದಾ ಅಂತ ಕೇಳಿ ಕಡಿದರು ಅನ್ನೋದು ಹುಡುಗನ ಕಡೆಯ ದೂರು. ಕಾಲಲ್ಲ, ತಲೆಯಲ್ಲ, ಹ್ಯಾಂಡಲ್ ಹಿಡಿಯೋ ಕೈ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಅಳಿಯನಿಗೆ ಹೆಂಗೆ ಬೈಯಲಿ? "ಮಾವ, ಅಪ್ಪ-ತಾತ ಎದ್ದು ನಿಂತರು, ಈಗ ಅವರು ತಿರುಗಿ ನೋಡ್ಲಿ" ಅಂದ ಅವನು. ಬಾಯಿ ಕಟ್ಟಿತು.

ಆದ್ರೆ ಭಾನುವಾರ ಅಕ್ಕನ ಮನೆಗೆ ಹೋದೆ. ಗೌಡರ ಓಣಿ ಈಗ ಅರ್ಧ ಖಾಲಿ. ಮಕ್ಕಳು ಬೆಂಗಳೂರು, ಹೈದರಾಬಾದು ಸೇರ್ಯಾರ. ಹುಡುಗ ಗಾಡಿ ರೇಸ್ ಮಾಡೋದು ಎಲ್ಲಿ? ನಮ್ಮದೇ ಕೇರಿಯ ಎಂಟಡಿ ಅಗಲದ ಸಂದಿಯಲ್ಲಿ. ಪಕ್ಕದ ಮನೆಯಲ್ಲಿ ಬಾಣಂತಿ, ಹದಿನೈದು ದಿನದ ಕೂಸು. ಸಂಜೆ ಆರಕ್ಕೆ ಗಾಡಿ ಬಂತು, ತಗಡಿನ ಮನೆಗಳೆಲ್ಲ ಗಡಗಡ ಅಂದವು. ಕೂಸು ಬೆಚ್ಚಿಬಿದ್ದು ಅಳೋಕೆ ಶುರು ಮಾಡಿದ್ದು ನಿಲ್ಲಲೇ ಇಲ್ಲ. ಆ ತಾಯಿ ಏನೂ ಅನ್ನಲಿಲ್ಲ, ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಾಕಿದ ರೀತಿ ನನಗೆ ಗುರುತು ಸಿಕ್ಕಿತು. ಗೌಡರ ಬುಲೆಟ್ ಬಂದಾಗ ನಮ್ಮವ್ವ ಹಿಂಗೇ ಹಾಕ್ತಿದ್ದಳು.

ಅವತ್ತೇ ಹುಡುಗನನ್ನು ಕರಕೊಂಡು ಮಸ್ಕಿಗೆ ಹೋದೆ, ಅದೇ ಗಾಡಿ ಮೇಲೆ, ಕಿವಿಗೆ ಟವೆಲ್ ಸುತ್ತಿಕೊಂಡು. ಅಶೋಕನ ಶಾಸನದ ಬಂಡೆ ತೋರಿಸಿದೆ. ಇಷ್ಟು ಹತ್ತಿರ ಇದ್ದೂ ಅವನು ನೋಡಿರಲಿಲ್ಲ! 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ ಇದು. ಅಲ್ಲಿತನಕ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ ಅಂತ ಇತ್ತು. ಆ ದೇವಾನಾಂಪ್ರಿಯನೇ ಅಶೋಕ ಅಂತ ಹೆಸರು ಹಿಡಿದು ಹೇಳಿದ್ದು ಈ ಬಂಡೆ. ಎಲ್ಲರೂ ಅದನ್ನೇ ಹೇಳ್ತಾರೆ. ನನಗೆ ಮುಖ್ಯ ಅದರ ಕೊನೆಯ ಭಾಗ. ಧಮ್ಮದ ದಾರಿಯಲ್ಲಿ ನಡೆದರೆ ಸಣ್ಣವನೂ ಗುರಿ ಮುಟ್ಟಬಹುದು, ದೊಡ್ಡವರಿಗಷ್ಟೇ ಅದು ಸಾಧ್ಯ ಅಂತ ತಿಳೀಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನ ಹೇಳಿ ಅನ್ನೋ ಅರ್ಥದ ಮಾತು. ಎರಡು ಸಾವಿರದ ಇನ್ನೂರು ವರ್ಷದಿಂದ ಆ ಬಂಡೆ ಅದನ್ನೇ ಹೇಳ್ತಾ ಕೂತೈತಿ, ಒಂದು ಡೆಸಿಬಲ್ ಸದ್ದಿಲ್ಲದೆ. ಹುಡುಗ ಫೋಟೋ ತಗೊಂಡ. ಏನೂ ಮಾತಾಡಲಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು, ನಾನು ಗುಮಾಸ್ತ, ಅಭ್ಯಾಸಬಲ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ಕಂಪನಿ ಮಾಡಿದ್ದನ್ನ ಮನಸ್ಸಿಗೆ ಬಂದಂಗೆ ಬದಲಿ ಮಾಡೋ ಹಂಗಿಲ್ಲ. 175 ಸಿಸಿ ಮೇಲಿನ ಬೈಕು ತಯಾರಾಗುವಾಗಲೇ 80 ಡೆಸಿಬಲ್ ದಾಟಬಾರದು. ಡೆಸಿಬಲ್ ಲೆಕ್ಕ ನಮ್ಮ ಮಾರ್ಕ್ಸ್ ಕಾರ್ಡಿನಂತಲ್ಲ, 80 ಹೋಗಿ 90 ಆದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಕಲಂ 190(2)ರಲ್ಲಿ ಶಬ್ದಮಾಲಿನ್ಯಕ್ಕೆ 2019ರ ತಿದ್ದುಪಡಿ ಆದಮೇಲೆ ಹತ್ತು ಸಾವಿರದ ತನಕ ದಂಡ, ಮೂರು ತಿಂಗಳ ತನಕ ಜೈಲು, ಮೂರು ತಿಂಗಳು ಲೈಸೆನ್ಸ್ ರದ್ದು. ಹತ್ತು ಸಾವಿರ ಅಂದ್ರೆ ನಮ್ಮ ಹುಡುಗನಿಗೆ ಎರಡು ಕಂತು. ಕಾನೂನು ಎಲ್ಲರಿಗೂ ಒಂದೇ ಅಂತಾರೆ. ನಾನು ಕಣ್ಣಾರೆ ಕಂಡಿದ್ದು ಬೇರೆ. ಒಂದೇ ತರದ ಎರಡು ಗಾಡಿ, ಒಂದರ ಮುಂದೆ ನೀಲಿ ಸ್ಟಿಕರ್. ನಿಲ್ಲಿಸಿದ್ದು ಅದನ್ನೇ. ಇನ್ನೊಂದಕ್ಕೆ ಕೈ ಎತ್ತಿ ನಮಸ್ಕಾರ. ಇದರ ಬಗ್ಗೆ ಕೂಗಬೇಕು, ಕೂಗ್ತೀವಿ. ಆದ್ರೆ ಕೂಗುವಾಗ ನಮ್ಮ ಗಾಡಿಯಲ್ಲಿ ಕಂಪನಿ ಸೈಲೆನ್ಸರ್ ಇದ್ದರೆ ಬಾಯಿಗೆ ಬಲ ಜಾಸ್ತಿ.

ಗೋಣಿಚೀಲ ಬಿಚ್ಚಿ ಆಯ್ತು. ಮಂಗಳವಾರ ಹಳೇದನ್ನೇ ಕೂಡಿಸಿದರು, ಗ್ಯಾಸ್ಕೆಟ್ ಮಾತ್ರ ಹೊಸದು. ಹುಡುಗ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ನಾಲ್ಕನೇ ದಿನ ಫೋನ್ ಮಾಡಿ "ಮಾವ, ತಾತನ ಹಲಗೆ ಬಾರಿಸೋಕೆ ಬರ್ತದೇನು?" ಅಂದ. ಚರ್ಮ ಸಡಿಲಾಗಿದೆ, ಬೆಂಕಿಗೆ ಹಿಡಿದು ಕಾಯಿಸಿದರೆ ಬಿಗೀತದೆ ಅಂದೆ. ಅದಕ್ಕೂ ಟ್ಯೂನಿಂಗ್ ಐತಿ. ನನಗೆ ಬರೋದು ಎರಡೇ ಏಟು, ಕಲಿಸೋಕೆ ಹಿರಿಯರನ್ನ ಹುಡುಕಬೇಕು.

ಏಪ್ರಿಲ್ 14ರ ಬೈಕ್ ರ‍್ಯಾಲಿಗೆ ಬರೋ ಹುಡುಗರಿಗೆ ಒಂದು ಮಾತು. ಬುಲೆಟ್, ಮೀಟಿಯರ್, ಎಕ್ಸೆಲ್ ಯಾವುದೇ ತನ್ನಿ, ನೀಲಿ ಬಾವುಟ ಕಟ್ಟಿ, ಹೆಲ್ಮೆಟ್ ಹಾಕಿ. ಬದಲಿ ಸೈಲೆನ್ಸರ್ ಇದ್ದವರು ವಾರದ ಮೊದಲೇ ಬಿಚ್ಚಿಸಿ. ಆಸ್ಪತ್ರೆ ರಸ್ತೆ ಬಂದಾಗ ಎಂಜಿನ್ ಆಫ್ ಮಾಡಿ ತಳ್ಳೋಣ. ಗಾಡಿಗಳ ಮುಂದೆ ಹಲಗೆಯವರು ನಡೀತಾರೆ. ಈ ಸಲ ಅವರು ಬಾರಿಸೋದು ತಮ್ಮ ಮೆರವಣಿಗೆಗೆ, ಮತ್ತು ನಡುವೆ ದಣಿದರೆ ಗಾಡಿ ಮೇಲೆ ಕೂರಿಸಿಕೊಳ್ಳಬೇಕಾದವರು ನೀವು.

ಜೈಭೀಮ್.