ಕೈಯಿಂದ ಹೊರೆ ಎತ್ತುವ ಹಾಗೂ ಇಳಿಸುವ ಕೆಲಸದಲ್ಲಿ ವ್ಯಯವಾಗುವ ದೇಹಶಕ್ತಿ: ಹಮಾಲರಿಗೆ ಮಾಹಿತಿ

ಕೃಷಿ ಮಾರುಕಟ್ಟೆ ಪ್ರಾಂಗಣ, ಗೋದಾಮು, ರೈಲ್ವೆ ಗೂಡ್ಸ್ ಶೆಡ್ ಮುಂತಾದೆಡೆ ಮೂಟೆ ಎತ್ತಿಳಿಸುವ ಹಮಾಲರು ಮತ್ತು ಅವರಿಂದ ಕೆಲಸ ಪಡೆಯುವ ವರ್ತಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಎತ್ತುವ ಕೆಲಸ
50 ಕಿಲೋಗ್ರಾಂ ತೂಕದ ಮೂಟೆಯನ್ನು 1 ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 490 ಜೌಲ್. ಇಂತಹ 300 ಮೂಟೆಗಳಿಗೆ ಲೆಕ್ಕ ಹಾಕಿದರೆ ಸುಮಾರು 35 ಕಿಲೋಕ್ಯಾಲರಿ ಆಗುತ್ತದೆ. ಇದು ಎರಡು ಟೀ ಚಮಚ ಸಕ್ಕರೆಯಲ್ಲಿರುವಷ್ಟು ಶಕ್ತಿ ಮಾತ್ರ. ಆದರೆ ಈ ಲೆಕ್ಕವು ಮೂಟೆಗೆ ಸಂಬಂಧಿಸಿದ್ದೇ ಹೊರತು ಎತ್ತುವವನ ದೇಹಕ್ಕೆ ಸಂಬಂಧಿಸಿದ್ದಲ್ಲ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಕೆಲಸವಾಗಿ ಪರಿವರ್ತನೆಗೊಳ್ಳುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಅಲ್ಲದೆ, ಪ್ರತಿ ಸಲ ಬಗ್ಗಿ ಏಳುವಾಗ ದೇಹತೂಕದ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನೂ ಎತ್ತಬೇಕಾಗುತ್ತದೆ.

2. ಇಳಿಸುವ ಕೆಲಸ
ಮೂಟೆ ತಾನಾಗಿಯೇ ಕೆಳಗಿಳಿಯುವುದರಿಂದ ಶ್ರಮವಿಲ್ಲವೆಂದು ಭಾವಿಸುವುದು ಸರಿಯಲ್ಲ. ಮೂಟೆ ಬೀಳದಂತೆ ಸ್ನಾಯುಗಳು ತಡೆದು ಹಿಡಿಯಬೇಕಾಗುತ್ತದೆ. ಇದಕ್ಕೆ ಎತ್ತುವುದಕ್ಕಿಂತ ಕಡಿಮೆ ಶಕ್ತಿ ಸಾಕಾದರೂ ಸ್ನಾಯುನೋವು ಹೆಚ್ಚಾಗಿ ಉಂಟಾಗುವುದು ಇಂತಹ ಕೆಲಸದಿಂದಲೇ. ಆದುದರಿಂದ ಕೂಲಿ ನಿಗದಿಪಡಿಸುವಾಗ ಇಳಿಸುವ ಕೆಲಸವನ್ನೂ ಪರಿಗಣಿಸುವುದು ನ್ಯಾಯಸಮ್ಮತ.

3. ಎತ್ತುವ ವಿಧಾನ
ಮಂಡಿ ಮಡಚಿ ಎತ್ತುವುದಕ್ಕೆ ಸೊಂಟ ಬಗ್ಗಿಸಿ ಎತ್ತುವುದಕ್ಕಿಂತ ಹೆಚ್ಚು ಶಕ್ತಿ ಬೇಕು. ದಣಿದವರು ಸೊಂಟ ಬಗ್ಗಿಸುವುದಕ್ಕೆ ಇದೂ ಒಂದು ಕಾರಣ. ಮೂಟೆಗಳನ್ನು ನೆಲದ ಮೇಲಿಡದೆ ಸೊಂಟದೆತ್ತರದ ಕಟ್ಟೆಯ ಮೇಲಿಟ್ಟರೆ ಶಕ್ತಿಯೂ ಉಳಿಯುತ್ತದೆ, ಬೆನ್ನಿಗೂ ರಕ್ಷಣೆ ದೊರೆಯುತ್ತದೆ. ಹೊರೆಯನ್ನು ದೇಹಕ್ಕೆ ಹತ್ತಿರವಾಗಿ ಹಿಡಿಯತಕ್ಕದ್ದು.

4. ಆಹಾರ
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 2110 ಕಿಲೋಕ್ಯಾಲರಿ ಸಾಕು. ಕಠಿಣ ಶ್ರಮದ ಪುರುಷನಿಗೆ 3470 ಬೇಕು. ಕಠಿಣ ಶ್ರಮದ ಮಹಿಳೆಗೆ 2720 ಬೇಕು. ಈ ವ್ಯತ್ಯಾಸವನ್ನು ದಿನಗೂಲಿಯಿಂದಲೇ ತುಂಬಿಕೊಳ್ಳಬೇಕಾಗಿರುವುದನ್ನು ಕೆಲಸ ನೀಡುವವರು ಗಮನಿಸತಕ್ಕದ್ದು.

5. ತೂಕದ ಮಿತಿ
ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಗರಿಷ್ಠ ತೂಕ ಒಡಂಬಡಿಕೆಯನ್ನು ಭಾರತವು 2010ರಲ್ಲಿ ಅನುಮೋದಿಸಿದೆ. ಆರೋಗ್ಯಕ್ಕೆ ಹಾನಿಕರವಾದ ತೂಕವನ್ನು ಹೊರಿಸಬಾರದು, ಮಹಿಳೆಯರಿಗೆ ಹಾಗೂ ಎಳೆಯ ವಯಸ್ಸಿನವರಿಗೆ ಮಿತಿಯು ಗಣನೀಯವಾಗಿ ಕಡಿಮೆಯಿರಬೇಕು ಎಂಬುದು ಅದರ ಆಶಯ. ಅದೇ ವರ್ಷದ ಶಿಫಾರಸಿನಲ್ಲಿ ವಯಸ್ಕ ಪುರುಷನಿಗೆ 55 ಕಿಲೋಗ್ರಾಂ ಮಿತಿಯನ್ನು ಸೂಚಿಸಲಾಗಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ 1991ರ ಸೂತ್ರದಲ್ಲಿ, ಅತ್ಯಂತ ಅನುಕೂಲಕರ ಸ್ಥಿತಿಯಲ್ಲಿಯೂ, ಈ ಮಿತಿ 23 ಕಿಲೋಗ್ರಾಂ ಮಾತ್ರ.

6. ನೋಂದಣಿ
16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರು ಇ-ಶ್ರಮ್ ಅಡಿಯಲ್ಲಿ ಸಾಮಾನ್ಯ ಸೇವಾ ಕೇಂದ್ರದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿಕೊಳ್ಳಬಹುದು. ಆಧಾರ್ ಸಂಖ್ಯೆ, ಅದಕ್ಕೆ ಜೋಡಣೆಯಾದ ಮೊಬೈಲ್ ಹಾಗೂ ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಹಾಜರಾಗಲು ಕೋರಲಾಗಿದೆ. ಉದ್ಯೋಗದ ಕಲಂನಲ್ಲಿ ಬರಿದೇ 'ಕೂಲಿ' ಎನ್ನದೆ, ಹಮಾಲಿ ಕೆಲಸವೆಂದು ಸ್ಪಷ್ಟವಾಗಿ ನಮೂದಿಸತಕ್ಕದ್ದು.