ಅಜ್ಜಿಯ ಅವಲಕ್ಕಿ ಸರ ಮತ್ತು ಕೆಜಿಎಫ್‌ನ ಬೂದುಗುಡ್ಡ

ಹೋದ ವಾರ ಅಜ್ಜಿಯ ಅವಲಕ್ಕಿ ಸರ ತಗೊಂಡು ಪುಣೆಯ ಲಕ್ಷ್ಮೀ ರಸ್ತೆಗೆ ಹೋಗಿದ್ವಿ. ಕೊಂಡಿ ಸವೆದಿದೆ, ಕರಗಿಸಿ ಹೊಸದು ಮಾಡಿಸೋಣ ಅಂತ ಮನೆಯಲ್ಲಿ ಮಾತಾಗಿತ್ತು. ಅಂಗಡಿಯವರು ತೋರಿಸಿದ ಹೊಸ ಸರದ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇತ್ತು. ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದೆ. ಯಾವ ಆಭರಣ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆ ಆಯ್ತು, ಎಲ್ಲಾ ಬಂತು. ಚಿನ್ನ ಯಾವ ನೆಲದ್ದು ಅನ್ನೋದು ಮಾತ್ರ ಇಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ, ಚೆಕ್‌ಸಮ್ ಸರಿ ಇದೆ, ಕೋಡ್ ಬರೆದವರ ಹೆಸರಿಲ್ಲ.

ಅಜ್ಜಿಯ ತವರು ಕೋಲಾರದ ಕಡೆ. ಸರ ಕೆಜಿಎಫ್ ಚಿನ್ನದ್ದು ಅಂತ ಮನೆಯಲ್ಲಿ ಹೆಮ್ಮೆ. ನನಗೆ ಅನುಮಾನ. ಯಾಕಂದ್ರೆ ಕಂಪನಿ ಕಾಲದಲ್ಲಿ ಗಟ್ಟಿಗಳು ಹೋಗುತ್ತಿದ್ದದ್ದು ಇಂಗ್ಲೆಂಡಿಗೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ! ಈ ಮಾತು ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ. ಆದರೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು, ಹೆಚ್ಚಾಗಿ ತಮಿಳು ಮಾತಾಡುವ ದಲಿತ ಕಾರ್ಮಿಕರು, ಕಥೆಯಲ್ಲಿ ಹಿಂದೆ ಸರೀತಾರೆ. ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್‌ನಿಂದ ನಿಧಾನವಾಗಿ ಸತ್ತವರಿದ್ದಾರೆ. 1930ರಲ್ಲಿ ಅವರು ದೊಡ್ಡ ಮುಷ್ಕರ ಹೂಡಿದರು. ಕಾರಣಗಳಲ್ಲಿ ಒಂದು, ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕು ಅನ್ನೋ ನಿಯಮ. ಆಗ ಗುರುತಿನ ಸಂಖ್ಯೆ ಬಿದ್ದದ್ದು ಮನುಷ್ಯರಿಗೆ, ಚಿನ್ನಕ್ಕಲ್ಲ.

ಲೆಕ್ಕಕ್ಕೆ ಬರೋಣ. ಶುರುವಿನಲ್ಲಿ ಒಂದು ಟನ್ ಕಲ್ಲಿಗೆ ಹತ್ತಾರು ಗ್ರಾಂ ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ ಮೂರು-ನಾಲ್ಕು ಗ್ರಾಂ. ನಾಲ್ಕು ಅಂದುಕೊಂಡರೂ 40 ಗ್ರಾಮಿನ ಸರಕ್ಕೆ 10 ಟನ್ ಕಲ್ಲು ಒಡೆಯಬೇಕು, ಹಿಟ್ಟು ಮಾಡಬೇಕು, ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೀಬೇಕು. ಉಳಿದ ಹಿಟ್ಟು? ಅಲ್ಲೇ ರಾಶಿ. ಸಿನಿಮಾದಲ್ಲಿ ನೋಡ್ತೀವಲ್ಲ, ಆ ಬೂದುಗುಡ್ಡಗಳು ಇವೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗುಡ್ಡ ಉಳೀತು, ಗಾಳಿ ಬೀಸಿದಾಗ ಧೂಳು ಕಾಲೋನಿಗಳ ಮೇಲೇ ಬೀಳುತ್ತೆ.

ಹಳೇ ಚಿನ್ನ ಕರಗಿಸಿದರೆ ಹೊಸ ಗಣಿ ಬೇಡ, ಹಾಗಾಗಿ ಅದೇ ಪರಿಸರಸ್ನೇಹಿ ಅಂತಾರೆ. ಅರ್ಧ ನಿಜ. ಮೂಸೆಯಲ್ಲಿ ಬಿದ್ದ ಮೇಲೆ ಕೋಲಾರದ್ದು, ಹಟ್ಟಿಯದ್ದು, ಕಳ್ಳಸಾಗಣೆಯದ್ದು ಎಲ್ಲಾ ಒಂದೇ, ಮೂಲ ಅಳಿಸಿಹೋಗುತ್ತೆ. ನನಗಂತೂ ಅಂಗಡಿಯಲ್ಲಿ ಇದನ್ನ ಕೇಳೋದಕ್ಕೇ ಮುಜುಗರ ಆಯ್ತು. ಕೇಳಿದೆ. ಅಂಗಡಿಯವರು ನಕ್ಕು, "ಸೋನಂ ಸೋನಂಚ್ ಅಸ್ತಂ ಸಾಹೇಬ್" ಅಂದರು. ಚಿನ್ನ ಅಂದ್ರೆ ಚಿನ್ನವೇ.

2024ರಲ್ಲಿ ಆ ಗುಡ್ಡಗಳನ್ನೇ ಮತ್ತೆ ಜಾಲಿಸಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿದೆ. ಧೂಳು ತಿಂದ ಕಾಲೋನಿಯವರಿಗೆ ಅದರಲ್ಲಿ ಏನು ಪಾಲು ಅಂತ ಕೆಜಿಎಫ್ ಕಡೆಯವರು ಕಾಮೆಂಟಲ್ಲಿ ಬರೀರಿ. ಅಜ್ಜಿಯ ಸರಕ್ಕೆ ಕೊಂಡಿ ಮಾತ್ರ ಹಾಕಿಸ್ಕೊಂಡು ಬಂದ್ವಿ.